‘ಸಾವಿರ ಗಾಯಗಳ ಸಾವು’: ಒಂದು ನುಡಿಗಟ್ಟಿನ ಪೂರ್ವೋತ್ತರ ಹಾಗೂ ಇತಿಹಾಸ ಲೇಖನದಲ್ಲಿ ಅದರ ಪ್ರಯೋಗ

ಆಂಗ್ಲಭಾಷೆಯಲ್ಲಿ ರೂಢಿಯಲ್ಲಿರುವ ‘ಡೆತ್ ಬೈ ಎ ಥೌಸಂಡ್ ಕಟ್ಸ್’ ಎಂಬ ನುಡಿಗಟ್ಟು ‘ಸಾವಿರ ಗಾಯಗಳ ಸಾವು’ ಎಂಬ ವೇಷದಲ್ಲಿ ನಮ್ಮ ಪತ್ರಿಕೆಗಳನ್ನು ಪ್ರವೇಶಿಸಿ, ಅಲ್ಲಿಂದ ಇತಿಹಾಸದ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಿಗೂ ಇಳಿದು ಬಂದಿದೆ. ಒಂದೇ ಪೆಟ್ಟಿನಿಂದಲ್ಲದೆ, ಬಿಡಿಬಿಡಿಯಾಗಿ ನೋಡಿದಾಗ ಗಣನೆಗೆ ಬಾರದ ಅನೇಕ ಸಣ್ಣ ಹಾನಿಗಳು ಕಾಲಕ್ರಮದಲ್ಲಿ ಕೂಡಿಕೊಂಡು ಒಂದು ವ್ಯಕ್ತಿಯನ್ನಾಗಲಿ ಸಂಸ್ಥೆಯನ್ನಾಗಲಿ ರಾಜ್ಯವನ್ನಾಗಲಿ ನಾಶಮಾಡುವುದನ್ನು ಸೂಚಿಸಲು ಇದನ್ನು ಬಳಸುತ್ತಾರೆ. ಮಾತು ಚುರುಕಾಗಿದೆ, ಕೇಳಿದೊಡನೆ ಮನಸ್ಸಿನಲ್ಲಿ ನಿಲ್ಲುತ್ತದೆ. ಚುರುಕಾದ ಮಾತು ವಿಚಾರದ ಸ್ಥಾನವನ್ನು ಆಕ್ರಮಿಸಿಕೊಳ್ಳುವ ಅಪಾಯ ಇತಿಹಾಸಲೇಖನದಲ್ಲಿ ಸದಾ ಇರುವುದರಿಂದ, ಈ ನುಡಿಗಟ್ಟು ಎಲ್ಲಿಂದ ಬಂದಿತು, ಅದು ಹೇಳುವುದು ನಿಜವೇ, ಗತಕಾಲದ ಅವನತಿಯನ್ನು ವಿವರಿಸಲು ಅದು ಎಷ್ಟರಮಟ್ಟಿಗೆ ತಕ್ಕುದು ಎಂಬುದನ್ನು ವಿಮರ್ಶಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ವಿಮರ್ಶೆಗೆ ಆಧಾರವಾಗಿರುವುದು ಟಿಮೊತಿ ಬ್ರೂಕ್, ಜೆರೋಮ್ ಬೂರ್ಗೋಂ ಮತ್ತು ಗ್ರೆಗರಿ ಬ್ಲೂ ಎಂಬ ಮೂವರು ವಿದ್ವಾಂಸರು ಕೂಡಿ ಬರೆದು, ೨೦೦೮ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಮುದ್ರಣಾಲಯದಿಂದ ಇದೇ ನುಡಿಗಟ್ಟನ್ನು ಶೀರ್ಷಿಕೆಯಾಗಿ ಹೊತ್ತು ಪ್ರಕಟವಾದ ಗ್ರಂಥ. ಇದಕ್ಕೆ ಮೂರು ವರ್ಷ ಮುಂಚೆ, ೨೦೦೫ರಲ್ಲಿ, ಮೈಕೆಲ್ ಗ್ರೇಟ್ಸ್ ಮತ್ತು ಇಯಾನ್ ಶಪೀರೊ ಅವರು ಅಮೆರಿಕದ ಪಿತ್ರಾರ್ಜಿತ ಆಸ್ತಿಯ ಮೇಲಣ ತೆರಿಗೆಯನ್ನು ರದ್ದುಮಾಡಿಸಲು ನಡೆದ ಚಳುವಳಿಯನ್ನು ಕುರಿತು ಬರೆದ ಗ್ರಂಥಕ್ಕೂ ಇದೇ ಹೆಸರಿತ್ತು. ಒಂದೇ ಶೀರ್ಷಿಕೆಯ ಎರಡು ಗ್ರಂಥಗಳಲ್ಲಿ ಒಂದು ತೆರಿಗೆಯ ಸಾವನ್ನೂ, ಇನ್ನೊಂದು ಮನುಷ್ಯರ ಸಾವನ್ನೂ ಕುರಿತದ್ದು. ನುಡಿಗಟ್ಟು ತನ್ನ ಮೂಲದಿಂದ ಎಷ್ಟು ದೂರ ಸರಿದಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಮೂಲವಾದರೋ ಚೀನಾ ದೇಶದ ‘ಲಿಂಗ್‌ಚಿ’ ಎಂಬ ಮರಣದಂಡನೆ. ಉತ್ತರ ಚೀನಾವನ್ನು ಆಳಿದ ಖಿತಾನ್ ಜನರ ಲಿಯಾವ್ ರಾಜವಂಶದ (ಕ್ರಿ.ಶ. ೯೧೬–೧೧೨೫) ಕಾನೂನಿನಲ್ಲಿ ಇದು ಮೊದಲು ಶಾಸನಬದ್ಧ ಶಿಕ್ಷೆಯಾಗಿ ಕಾಣಿಸಿಕೊಳ್ಳುತ್ತದೆ. ಅದಕ್ಕೆ ಮುಂಚಿನ ಟಾಂಗ್ ಕಾಲದ, ಕ್ರಿ.ಶ. ೬೫೩ರ ಪ್ರಸಿದ್ಧ ಸಂಹಿತೆಯಲ್ಲಿ ಮರಣದಂಡನೆಗೆ ಕೊರಳು ಬಿಗಿಯುವುದು, ತಲೆ ಕಡಿಯುವುದು ಎಂಬ ಎರಡೇ ಬಗೆಗಳಿದ್ದವು. ಸುಂಗ್ ಕಾಲದಲ್ಲಿ ಲಿಂಗ್‌ಚಿ ದಕ್ಷಿಣಕ್ಕೂ ಹಬ್ಬಿತು. ಆ ಕಾಲದ ಮಹಾಕವಿ ಲೂ ಯೋ (೧೧೨೫–೧೨೧೦) ಅದನ್ನು ಕೈಬಿಡಬೇಕೆಂದು ಚಕ್ರವರ್ತಿಗೆ ಬಿನ್ನವತ್ತಳೆಯನ್ನು ಅರ್ಪಿಸಿದನು. ಎಂಟುನೂರು ವರ್ಷಗಳ ಹಿಂದೆಯೇ ಚೀನಾದ ಒಳಗಿನಿಂದಲೇ ಇಂತಹ ಆಕ್ಷೇಪವೆದ್ದಿತ್ತೆಂಬುದನ್ನು ನಮ್ಮ ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದು ಬೇಕಾಗುತ್ತದೆ. ಮಿಂಗ್ ಮತ್ತು ಚಿಂಗ್ ಸಂಹಿತೆಗಳಲ್ಲಿ ರಾಜದ್ರೋಹ, ತಂದೆತಾಯಿಗಳ ಕೊಲೆ, ಗಂಡನ ಕೊಲೆ, ಒಂದೇ ಮನೆಯ ಮೂವರನ್ನು ಕೊಲ್ಲುವುದು ಮೊದಲಾದ ಘೋರಾಪರಾಧಗಳಿಗೆ ಈ ದಂಡನೆ ವಿಹಿತವಾಗಿತ್ತು.

ಇನ್ನು ‘ಸಾವಿರ’ದ ವಿಷಯ. ಎಷ್ಟು ಕೊಯ್ತ, ಯಾವ ಕ್ರಮದಲ್ಲಿ, ಎಷ್ಟು ಹೊತ್ತು ಎಂಬ ವಿಧಿಯನ್ನು ಸಂಹಿತೆಗಳು ಹೇಳುವುದೇ ಇಲ್ಲ. ಚಿಂಗ್ ಕಾಲದ ರೂಢಿಯಲ್ಲಿ ಎಂಟು, ಇಪ್ಪತ್ತನಾಲ್ಕು, ಮೂವತ್ತಾರು ಎಂಬಂತಹ ಎಣಿಕೆಗಳು ಪ್ರಚಲಿತವಾಗಿದ್ದವು. ಬ್ರಿಟಿಷ್ ರಾಯಭಾರ ಕಚೇರಿಯ ದ್ವಿಭಾಷಿಯಾಗಿದ್ದ ಥಾಮಸ್ ಟೇಲರ್ ಮೆಡೋಸ್ ೧೮೫೧ರಲ್ಲಿ ಕ್ಯಾಂಟನ್ ನಗರದಲ್ಲಿ ಈ ದಂಡನೆಯನ್ನು ಕಣ್ಣಾರೆ ಕಂಡು, ೧೮೫೬ರ ತನ್ನ ಗ್ರಂಥದಲ್ಲಿ ವರ್ಣಿಸಿದ್ದಾನೆ. ಅವನ ಅಂದಾಜಿನಂತೆ ಇಡೀ ಕ್ರಿಯೆ ನಾಲ್ಕೈದು ನಿಮಿಷಗಳಲ್ಲಿ ಮುಗಿಯಿತು. ಮಿಂಗ್ ಕಾಲದ ನಪುಂಸಕ ಅಧಿಕಾರಿ ಲಿಯು ಜಿನ್‌ನಿಗೆ ೧೫೧೦ರಲ್ಲಿ ಮೂರು ಸಾವಿರಕ್ಕೂ ಮಿಕ್ಕ ಕೊಯ್ತಗಳ ದಂಡನೆ ವಿಧಿಸಿದರೆಂಬ ವರದಿ ಇರುವುದು ನಿಜ. ಅದನ್ನು ಅಲ್ಲಗಳೆಯಲು ಹೊರಡುವುದು ಸಾಧುವಲ್ಲ. ಆದರೆ ಆತನ ಪ್ರಕರಣ ಅಸಾಧಾರಣವೆಂದೇ ಜನ ಬರೆದಿಟ್ಟರು. ಅಸಾಧಾರಣವಾದುದನ್ನು ನಿತ್ಯದ ನಿಯಮವೆಂದು ಓದಿದುದು ತರುವಾಯದ ಓದುಗರ ಕೆಲಸ.

ಚೀನೀ ಬೈಗುಳದಲ್ಲಿ ‘ಸಾವಿರ ಕತ್ತಿ, ಹತ್ತು ಸಾವಿರ ಸೀಳು’ ಎಂಬ ಮಾತುಂಟು. ಅಲ್ಲಿ ಸಂಖ್ಯೆಯೆಂದರೆ ಎಣಿಕೆಯಲ್ಲ, ಆವೇಶ. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂಡಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ನಿಂತು ಯಾರೂ ಕಂಬಗಳನ್ನು ಸಾವಿರ ತುಂಬಿಸಲು ಹೆಣಗುವುದಿಲ್ಲ. ಬೈಗುಳದ ಸಾವಿರವನ್ನು ಕಾನೂನಿನ ಸಾವಿರವೆಂದು ಎಣಿಸಿದಾಗ ಅನುವಾದ ಇತಿಹಾಸವನ್ನೇ ಕೆಡಿಸುತ್ತದೆ.

ಬ್ರೂಕ್ ಮತ್ತು ಸಂಗಡಿಗರ ಗ್ರಂಥದ ಅತ್ಯಂತ ಬೆಲೆಯುಳ್ಳ ಭಾಗವೆಂದರೆ ಈ ದಂಡನೆಯ ತಾತ್ಪರ್ಯವನ್ನು ಕುರಿತ ಚರ್ಚೆ. ಯೂರೋಪಿನ ಕಣ್ಣಿಗೆ ಲಿಂಗ್‌ಚಿ ಎಂದರೆ ನೋವನ್ನು ಲಂಬಿಸುವ ಉಪಾಯ. ಚೀನೀ ಕಾನೂನಿನ ದೃಷ್ಟಿಯಲ್ಲಿ ದಂಡನೆಯ ತೂಕ ನೋವಿನಲ್ಲಿರಲಿಲ್ಲ, ದೇಹದ ಅಖಂಡತೆಯ ಭಂಗದಲ್ಲಿತ್ತು. ತಂದೆತಾಯಿಗಳಿಂದ ಬಂದ ಶರೀರವನ್ನು ಇಡಿಯಾಗಿ ಉಳಿಸಿಕೊಂಡು ಪಿತೃಗಳ ಬಳಿಗೆ ಹೋಗಬೇಕೆಂಬುದು ಕನ್‌ಫ್ಯೂಷಿಯಸ್ ಪಂಥದ ಪಿತೃಭಕ್ತಿಯ ಮೊದಲ ಪಾಠ. ಈ ಕಾರಣದಿಂದಲೇ ಕೊರಳು ಬಿಗಿದು ಕೊಲ್ಲುವುದು ಹೆಚ್ಚು ಯಾತನೆಯದಾದರೂ ತಲೆ ಕಡಿಯುವುದಕ್ಕಿಂತ ಕಿರಿಯ ಶಿಕ್ಷೆಯೆನಿಸಿತ್ತು. ಶವ ಇಡಿಯಾಗಿ ಉಳಿಯುತ್ತಿತ್ತು. ಈ ಶ್ರೇಣಿಯಲ್ಲಿ ಲಿಂಗ್‌ಚಿ ತುತ್ತತುದಿಯದು; ಅಪರಾಧಿಗೆ ಪಿತೃಲೋಕದಲ್ಲಿಯೂ ನೆಲೆಯಿಲ್ಲದಂತೆ ಮಾಡುವುದು ಅದರ ಗುರಿ. ಸತ್ತ ಮೇಲೂ ಶವವನ್ನು ಕಡಿಯುವ ದಂಡನೆ ಅದೇ ಕಾನೂನಿನಲ್ಲಿ ಇದ್ದುದಕ್ಕೆ ಬೇರೆ ಅರ್ಥ ಸಿಗುವುದಿಲ್ಲ, ಶವಕ್ಕೆ ನೋವಿಲ್ಲವಷ್ಟೆ. ಹೀಗೆ ನೋಡಿದರೆ ಈ ದಂಡನೆಯಲ್ಲಿ ‘ಕ್ರಮೇಣ’ ಎಂಬ ಅಂಶವೇ ಗೌಣ. ಕ್ರಮೇಣತೆಯನ್ನೇ ಸಾರವಾಗಿ ಮಾಡಿಕೊಂಡ ನುಡಿಗಟ್ಟು ತನ್ನ ಮೂಲವನ್ನು ತಲೆಕೆಳಗಾಗಿ ಹಿಡಿದಿದೆ.

ತಲೆಕೆಳಗಾದುದು ಹೇಗೆ? ಜಾರ್ಜ್ ಹೆನ್ರಿ ಮೇಸನ್ ೧೮೦೧ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ‘ಚೀನಾದ ಶಿಕ್ಷೆಗಳು’ ಎಂಬ ಪುಸ್ತಕದಲ್ಲಿ ೨೨ ಬಣ್ಣದ ಚಿತ್ರಗಳಿದ್ದವು. ಅತಿ ಘೋರವಾದ ಶಿಕ್ಷೆಗಳನ್ನು ಸಭ್ಯತೆಯ ದೃಷ್ಟಿಯಿಂದ ಬಿಟ್ಟಿರುವುದಾಗಿ ಆತ ಹೇಳಿಕೊಂಡ. ತೋರಿಸದೆ ಬಿಟ್ಟದ್ದು ತೋರಿಸಿದ್ದಕ್ಕಿಂತ ಹೆಚ್ಚಾಗಿ ಕಲ್ಪನೆಯನ್ನು ಕೆರಳಿಸುತ್ತದೆಂಬುದು ವ್ಯಾಪಾರಿಗಳಿಗೆಲ್ಲ ತಿಳಿದ ಗುಟ್ಟು. ಒಂಬತ್ತು ವರ್ಷಗಳ ತರುವಾಯ, ೧೮೧೦ರಲ್ಲಿ, ಜಾರ್ಜ್ ಥಾಮಸ್ ಸ್ಟಾಂಟನ್ ಚಿಂಗ್ ಸಂಹಿತೆಯನ್ನು ಆಂಗ್ಲಭಾಷೆಗೆ ತಂದಾಗ ಲಿಂಗ್‌ಚಿಯನ್ನು ನಿಧಾನವಾದ, ಯಾತನಾಮಯವಾದ ವಧೆಯೆಂಬ ಅರ್ಥದಲ್ಲಿ ಅನುವಾದಿಸಿದನು. ಸ್ಟಾಂಟನ್ ಪ್ರಾಮಾಣಿಕ ವಿದ್ವಾಂಸ. ಚೀನೀ ಕಾನೂನಿನ ಬಗ್ಗೆ ಅವನಿಗೆ ಗೌರವವೂ ಇತ್ತು. ಆದರೂ ನಿಧಾನ, ಯಾತನೆ ಎಂಬ ಎರಡು ವಿಶೇಷಣಗಳು ಅಂದಿನಿಂದ ಆ ಶಬ್ದಕ್ಕೆ ಅಂಟಿಕೊಂಡವು.

ಇದು ಕೇವಲ ಪದಗಳ ಪ್ರಶ್ನೆಯಾಗಿ ಉಳಿಯಲಿಲ್ಲ. ಅಫೀಮು ಯುದ್ಧದ ಅನಂತರ, ೧೮೪೩ ಮತ್ತು ೧೮೪೪ರ ಒಪ್ಪಂದಗಳ ಮೂಲಕ, ಚೀನಾದ ನೆಲದಲ್ಲಿರುವ ಬ್ರಿಟಿಷ್ ಹಾಗೂ ಅಮೆರಿಕನ್ ಪ್ರಜೆಗಳು ಚೀನೀ ನ್ಯಾಯಾಲಯಗಳ ಅಧಿಕಾರಕ್ಕೆ ಒಳಪಡುವುದಿಲ್ಲವೆಂಬ ವಿಶೇಷಾಧಿಕಾರ ಸ್ಥಾಪಿತವಾಯಿತು. ಅದಕ್ಕೆ ಕೊಟ್ಟ ಸಮರ್ಥನೆಗಳಲ್ಲಿ ಚೀನೀ ಶಿಕ್ಷೆಗಳ ಕ್ರೌರ್ಯವೂ ಒಂದು. ಸಮರ್ಥನೆ ಮಂಡಿಸಿದವರ ದೇಶಗಳ ಲೆಕ್ಕವನ್ನೂ ಇಲ್ಲಿ ನೋಡುವುದು ನ್ಯಾಯ. ಪ್ಯಾರಿಸ್ಸಿನಲ್ಲಿ ದಮಿಯನ್ ಎಂಬವನನ್ನು ಇಕ್ಕುಳಗಳಿಂದ ಹರಿದು, ಕುದುರೆಗಳಿಂದ ಎಳೆಸಿ ಕೊಂದದ್ದು ೧೭೫೭ರಲ್ಲಿ. ಇಂಗ್ಲೆಂಡಿನಲ್ಲಿ ರಾಜದ್ರೋಹಿಯನ್ನು ನೇಣಿನಿಂದ ಇಳಿಸಿ ನಾಲ್ಕಾಗಿ ಸೀಳುವ ಶಿಕ್ಷೆ ಕಾನೂನಿನ ಪುಸ್ತಕದಿಂದ ಅಳಿದದ್ದು ೧೮೭೦ರಲ್ಲಿ, ಎಂದರೆ ಆ ಒಪ್ಪಂದಗಳಾಗಿ ಕಾಲು ಶತಮಾನ ಕಳೆದ ಮೇಲೆ.

ಚೀನಾ ತನ್ನ ಕಾನೂನನ್ನು ಸುಧಾರಿಸಿಕೊಂಡರೆ ಈ ವಿಶೇಷಾಧಿಕಾರವನ್ನು ಬಿಟ್ಟುಕೊಡಲು ಸಿದ್ಧವೆಂದು ಬ್ರಿಟನ್ ೧೯೦೨ರ ವಾಣಿಜ್ಯ ಒಪ್ಪಂದದಲ್ಲಿ ಒಪ್ಪಿತು. ಸುಧಾರಣೆಯ ಹೊಣೆ ಹೊತ್ತವರು ಇಬ್ಬರು: ಹಳೆಯ ಕಾನೂನಿನಲ್ಲಿ ಮುಳುಗಿ ಎದ್ದ ಶೆನ್ ಜ್ಯಾಬೆನ್ (೧೮೪೦–೧೯೧೩) ಮತ್ತು ಲಂಡನ್ನಿನಲ್ಲಿ ಬ್ಯಾರಿಸ್ಟರ್ ಪದವಿ ಪಡೆದ ವೂ ಟಿಂಗ್‌ಫಾಂಗ್ (೧೮೪೨–೧೯೨೨). ಇವರ ಬಿನ್ನಹದ ಮೇರೆಗೆ ೧೯೦೫ರ ಏಪ್ರಿಲ್ ತಿಂಗಳಲ್ಲಿ ಲಿಂಗ್‌ಚಿ ರದ್ದಾಯಿತು; ಅದರೊಡನೆ ತಲೆಯನ್ನು ಕಂಬಕ್ಕೇರಿಸಿ ಪ್ರದರ್ಶಿಸುವುದೂ, ಶವವನ್ನು ಕಡಿಯುವುದೂ ನಿಂತವು. ಶೆನ್ ಜ್ಯಾಬೆನ್ ಮಂಡಿಸಿದ ವಾದ ಗಮನಾರ್ಹ. ಪಾಶ್ಚಾತ್ಯರು ಬೇಡವೆನ್ನುತ್ತಾರೆಂಬುದಷ್ಟನ್ನೇ ಆತ ಆಧಾರ ಮಾಡಿಕೊಳ್ಳಲಿಲ್ಲ. ಟಾಂಗ್ ಸಂಹಿತೆಯಲ್ಲಿ ಇಲ್ಲದ, ಖಿತಾನರ ಕಾಲದಲ್ಲಿ ಒಳಗೆ ಬಂದ ಈ ದಂಡನೆ ಚೀನೀ ಪರಂಪರೆಗೇ ಹೊರತಾದುದು ಎಂಬುದನ್ನು ಆತ ಹಳೆಯ ಗ್ರಂಥಗಳಿಂದ ತೋರಿಸಿದ. ಲೂ ಯೋ ಎತ್ತಿದ ಆಕ್ಷೇಪ ಏಳು ಶತಮಾನಗಳ ಮೇಲೆ ಫಲಿಸಿತೆನ್ನಬಹುದು. ಆದರೆ ಬ್ರಿಟನ್ ಮತ್ತು ಅಮೆರಿಕ ತಮ್ಮ ವಿಶೇಷಾಧಿಕಾರವನ್ನು ಬಿಟ್ಟುಕೊಟ್ಟದ್ದು ೧೯೪೩ರಲ್ಲಿ, ಯುದ್ಧದ ನಡುವೆ. ಶಿಕ್ಷೆ ಹೋಗಿ ೩೮ ವರ್ಷಗಳವರೆಗೂ ಶಿಕ್ಷೆಯ ನೆಪ ಉಳಿದಿತ್ತು. ಶಿಕ್ಷೆ ಹೋಗಿ ಒಂದು ಶತಮಾನ ಸಂದ ಮೇಲೂ ನುಡಿಗಟ್ಟು ಉಳಿದಿದೆ.

ಗ್ರಂಥದ ಗುಣಗಳನ್ನು ಇಷ್ಟು ಹೇಳಿದ ಮೇಲೆ ಎರಡು ಆಕ್ಷೇಪಗಳನ್ನು ಸೂಚಿಸುವುದು ಅವಶ್ಯ. ಮೊದಲನೆಯದು ಶೀರ್ಷಿಕೆ. ಸಾವಿರವೂ ಸುಳ್ಳು, ನಿಧಾನವೂ ಬಹುಮಟ್ಟಿಗೆ ಸುಳ್ಳು ಎಂದು ಸಾಧಿಸುವ ಗ್ರಂಥ ಆ ಸುಳ್ಳನ್ನೇ ಹಣೆಯ ಮೇಲೆ ಬರೆದುಕೊಂಡು ಹೊರಟಿದೆ. ಪ್ರಕಾಶಕರ ಅನುಕೂಲ ಏನೇ ಇರಲಿ, ಗ್ರಂಥವನ್ನು ಓದದೆ ಬೆನ್ನಿನ ಹೆಸರನ್ನು ಮಾತ್ರ ಓದುವವರೇ ಗ್ರಂಥಾಲಯಗಳಲ್ಲಿ ಹೆಚ್ಚು. ಅವರ ಪಾಲಿಗೆ ಹಳೆಯ ನಂಬಿಕೆ ಇನ್ನಷ್ಟು ಗಟ್ಟಿಯಾಗುತ್ತದೆ. ಎರಡನೆಯದು ಇದಕ್ಕಿಂತ ಗುರುತರವಾದುದು. ೧೯೦೪ರಲ್ಲಿ ಪೀಕಿಂಗಿನ ಚೈಷಿಕೋ ವಧಾಸ್ಥಾನದಲ್ಲಿ ವಾಂಗ್ ವೈಚಿನ್ ಎಂಬವನನ್ನು ದಂಡಿಸಿದ ದೃಶ್ಯದಿಂದ ಗ್ರಂಥ ಪ್ರಾರಂಭವಾಗುತ್ತದೆ. ಫ್ರೆಂಚ್ ಸೈನಿಕರು ತೆಗೆದ ಛಾಯಾಚಿತ್ರಗಳಿಂದ ಆ ದೃಶ್ಯ ಪ್ರಪಂಚಕ್ಕೆ ತಿಳಿಯಿತು. ಇಂತಹ ಚಿತ್ರಗಳು ಅಂಚೆಕಾರ್ಡುಗಳಾಗಿ ಮಾರಾಟವಾದವು. ಜಾರ್ಜ್ ಬತಾಯ್ ಎಂಬ ಫ್ರೆಂಚ್ ಲೇಖಕ ೧೯೬೧ರ ತನ್ನ ಗ್ರಂಥದಲ್ಲಿ ಇಂತಹುದೇ ಒಂದು ಚಿತ್ರದ ಬಲಿಪಶುವಿನ ಮುಖದಲ್ಲಿ ಆನಂದಪರವಶತೆಯನ್ನು ಕಂಡ. ಆ ಚಿತ್ರದಲ್ಲಿರುವವನ ಗುರುತನ್ನೇ ತಪ್ಪಾಗಿ ತಿಳಿಯಲಾಗಿತ್ತೆಂಬುದನ್ನು ಬೂರ್ಗೋಂ ಅವರು ತಮ್ಮ ಸಂಶೋಧನೆಯಿಂದ ತೋರಿಸಿದ್ದಾರೆ. ಇಷ್ಟು ಎಚ್ಚರವುಳ್ಳ ಲೇಖಕರೇ ಓದುಗನನ್ನು ಮೊದಲು ವಧಾಸ್ಥಾನಕ್ಕೆ ಕರೆದೊಯ್ದು, ಆಮೇಲೆ ನೋಡುವುದರ ತಪ್ಪನ್ನು ಕುರಿತು ಉಪದೇಶಿಸಿದರೆ, ಓದುಗ ಅಷ್ಟರಲ್ಲಿ ನೋಡಿಯಾಗಿರುತ್ತಾನೆ. ಕಾನೂನಿನಿಂದ ತೊಡಗಿ ವಧೆಗೆ ಬರುವುದು ಈ ಗ್ರಂಥದ ವಾದಕ್ಕೆ ಹೆಚ್ಚು ಒಪ್ಪುತ್ತಿತ್ತು.

ಇನ್ನೊಂದು ಸಂಗತಿಯನ್ನು ಇಲ್ಲಿ ಎತ್ತಿ ತೋರಿಸಬೇಕು. ಲಿಂಗ್‌ಚಿ ಎಂಬ ಶಬ್ದದ ಅತಿ ಹಳೆಯ ಅರ್ಥ ಶಿಕ್ಷೆಯೇ ಅಲ್ಲ. ಕ್ರಿ.ಪೂ. ಮೂರನೆಯ ಶತಮಾನದ ಷುನ್‌ತ್ಸುವಿನ ಹೆಸರಿನ ಗ್ರಂಥದಲ್ಲಿ, ಕನ್‌ಫ್ಯೂಷಿಯಸನ ಬಾಯಲ್ಲಿಟ್ಟ ಒಂದು ಪ್ರಸಂಗದಲ್ಲಿ, ಆ ಉಚ್ಚಾರದ ಪದ ಮೆಲ್ಲಗೆ ಏರುವ ಗುಡ್ಡದ ಇಳಿಜಾರಿಗೆ ಸಲ್ಲುತ್ತದೆ. ಮೂರಡಿಯ ನೆಟ್ಟಗಿನ ದಂಡೆಯನ್ನು ಬರಿಯ ಗಾಡಿಯೂ ಹತ್ತಲಾರದು. ಭಾರಿ ಪರ್ವತವನ್ನು ಹೊರೆ ತುಂಬಿದ ಗಾಡಿಯೂ ಹತ್ತುತ್ತದೆ, ಇಳಿಜಾರಿನಿಂದಾಗಿ. ಅಂತೆಯೇ ಲೋಕದ ಮರ್ಯಾದೆಗಳು ಬಹುಕಾಲದಿಂದ ಇಳಿಜಾರಾಗಿರುವಾಗ ಜನ ಅವನ್ನು ದಾಟದಿರುವರೇ ಎಂಬುದು ಅಲ್ಲಿಯ ಪ್ರಶ್ನೆ. ಖಿತಾನರ ದಂಡನೆಗೆ ಈ ಹಳೆಯ ಪದವೇ ಹೆಸರಾಯಿತೋ, ಅವರ ಭಾಷೆಯ ಯಾವುದೋ ಪದಕ್ಕೆ ಚೀನೀ ಅಕ್ಷರಗಳನ್ನು ಹೊಂದಿಸಿದರೋ ಎಂಬಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಹೇಗಾದರೂ ಆಗಲಿ, ಕ್ರಮೇಣ ಅವನತಿ ಎಂಬ ಭಾವಕ್ಕೆ ಷುನ್‌ತ್ಸು ಕೊಟ್ಟ ರೂಪಕ ಆಂಗ್ಲ ನುಡಿಗಟ್ಟಿಗಿಂತ ಬಹಳ ಸೂಕ್ಷ್ಮವಾದುದು. ಅಲ್ಲಿ ರಕ್ತವಿಲ್ಲ, ಕತ್ತಿಯಿಲ್ಲ. ತಡೆ ತಗ್ಗುತ್ತ ಬಂದು, ಕಡೆಗೆ ದಾಟಿದವನಿಗೆ ತಾನು ದಾಟಿದೆನೆಂಬ ಅರಿವೇ ಇರುವುದಿಲ್ಲ.

ಚೀನೀಯರು ಕ್ರಮೇಣ ಹಾನಿಯನ್ನು ಹೇಳಬೇಕಾದಾಗ ವಧಾಸ್ಥಾನದ ಕಡೆಗೆ ತಿರುಗುವುದೂ ಇಲ್ಲ. ಬಲಿಷ್ಠ ರಾಜ್ಯ ನೆರೆರಾಜ್ಯಗಳನ್ನು ನುಂಗುವ ಬಗೆಯನ್ನು ರೇಷ್ಮೆಹುಳು ಎಲೆ ಮೇಯುವುದಕ್ಕೆ ಹೋಲಿಸುವ ಮಾತು ಹಾನ್ ಫೇ ಎಂಬ ರಾಜನೀತಿಜ್ಞನ ಗ್ರಂಥದಲ್ಲಿದೆ. ಮಹಾ ಏರಿಯೊಂದು ಇರುವೆಯ ಗೂಡಿನಿಂದ ಒಡೆಯುವ ಮಾತೂ ಅಲ್ಲಿಯದೇ. ಕೋಲಾರ, ರಾಮನಗರಗಳ ಕಡೆ ಹುಳು ಸಾಕಿದ ಮನೆಯಲ್ಲಿ ರಾತ್ರಿ ಕಳೆದವರಿಗೆ ಆ ಹೋಲಿಕೆಯ ಬಲ ತಾನಾಗಿ ಹೊಳೆಯುತ್ತದೆ: ಅಂಚಿನಿಂದ ತೊಡಗಿ, ಸಣ್ಣ ಮಳೆಯಂತಹ ಸದ್ದಿನೊಡನೆ, ಬೆಳಗಾಗುವಷ್ಟರಲ್ಲಿ ಎಲೆ ಮುಗಿದು ದೇಟು ಉಳಿದಿರುತ್ತದೆ.

ಆಂಗ್ಲಭಾಷೆಯಲ್ಲಿ ನುಡಿಗಟ್ಟು ವಧೆಯಿಂದ ಬಿಡುಗಡೆ ಹೊಂದಿ ಬರಿಯ ಅಲಂಕಾರವಾದುದಕ್ಕೆ ೧೯೫೦ರ ಒಂದು ಸಾಕ್ಷ್ಯವನ್ನು ಉದಾಹರಿಸಬಹುದು. ದಾರ್ಶನಿಕ ಆಂಟನಿ ಫ್ಲ್ಯೂ ಆ ವರ್ಷದ ತನ್ನ ಪ್ರಸಿದ್ಧ ಪ್ರಬಂಧದಲ್ಲಿ, ಆಕ್ಷೇಪ ಬಂದಾಗಲೆಲ್ಲ ಒಂದೊಂದು ವಿನಾಯಿತಿಯನ್ನು ಸೇರಿಸುತ್ತ ಹೋದರೆ ದೇವರನ್ನು ಕುರಿತ ಪ್ರತಿಜ್ಞೆ ಸಾವಿರ ವಿನಾಯಿತಿಗಳಿಂದ ಸಾಯುತ್ತದೆಂಬ ಮಾತನ್ನು ಬಳಸಿದ. ಓದುಗನಿಗೆ ಮೂಲ ನುಡಿಗಟ್ಟು ಕಿವಿಯಲ್ಲಿರುತ್ತದೆಂಬ ಭರವಸೆಯಿಲ್ಲದೆ ಆ ಶ್ಲೇಷೆ ಸಾಧ್ಯವಿರಲಿಲ್ಲ. ಅಲ್ಲಿ ಪ್ರಯೋಗ ಸಮಂಜಸವೂ ಹೌದು, ಏಕೆಂದರೆ ಒಂದೊಂದು ವಿನಾಯಿತಿಯನ್ನೂ ಸೇರಿಸುವವನು ಯಾರೆಂಬುದು ಸ್ಪಷ್ಟವಾಗಿದೆ.

ಇತಿಹಾಸದಲ್ಲಿ ತೊಡಕು ಬರುವುದು ಇಲ್ಲಿಯೇ. ‘ಗಾಯ’ ಎಂದರೆ ಪೆಟ್ಟು ತಿಂದವನ ಮೈಮೇಲಿನ ಗುರುತು; ‘ಕೊಯ್ತ’ ಎಂದರೆ ಕೊಯ್ದವನ ಕ್ರಿಯೆ. ‘ಸಾವಿರ ಗಾಯಗಳ ಸಾವು’ ಎಂದೊಡನೆ ಕೊಯ್ದವನು ಮರೆಯಾಗುತ್ತಾನೆ. ಲಿಂಗ್‌ಚಿಯಲ್ಲಿಯಾದರೋ ತೀರ್ಪಿತ್ತ ನ್ಯಾಯಾಧಿಕಾರಿಯಿದ್ದ, ಅನುಮೋದಿಸಿದ ಚಕ್ರವರ್ತಿಯಿದ್ದ, ಕತ್ತಿ ಹಿಡಿದ ನೌಕರನಿದ್ದ. ಕನ್ನಡದ ವ್ಯಾಕರಣ ಈ ವ್ಯತ್ಯಾಸವನ್ನು ಒಂದೇ ಅಕ್ಷರದಲ್ಲಿ ಕಾಪಾಡುತ್ತದೆ: ಸವೆಯುವುದು ಬೇರೆ, ಸವೆಸುವುದು ಬೇರೆ, ಕರಗುವುದು ಬೇರೆ, ಕರಗಿಸುವುದು ಬೇರೆ. ಅವನತಿಯನ್ನು ಕುರಿತು ಬರೆಯುವ ಇತಿಹಾಸಕಾರ ಆ ‘ಸು’ ಪ್ರತ್ಯಯವನ್ನು ಹಚ್ಚಬೇಕೇ ಬೇಡವೇ ಎಂಬುದನ್ನು ದಾಖಲೆಗಳನ್ನು ನೋಡಿ ನಿರ್ಧರಿಸಬೇಕು. ಎರವಲು ನುಡಿಗಟ್ಟು ಆ ನಿರ್ಧಾರದ ತೊಂದರೆಯನ್ನು ತಪ್ಪಿಸಿಬಿಡುತ್ತದೆ.

ಮೈಸೂರಿನ ಇತಿಹಾಸವನ್ನೇ ತೆಗೆದುಕೊಳ್ಳೋಣ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಆ ರಾಜ್ಯದ ಶಕ್ತಿ ಸಾವಿರ ಗಾಯಗಳಿಂದ ಸೋರಿಹೋಯಿತೆಂದು ಬರೆದ ಉತ್ತರಗಳನ್ನು ತಿದ್ದಬೇಕಾಗಿ ಬರುತ್ತದೆ. ೧೭೯೨ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ರಾಜ್ಯದ ಅರ್ಧಭಾಗವೂ ೩ ಕೋಟಿ ೩೦ ಲಕ್ಷ ರೂಪಾಯಿಗಳ ಹೊರೆಯೂ ಟಿಪ್ಪುವಿನ ಮೇಲೆ ಬಿದ್ದವು. ೧೭೯೯ರಲ್ಲಿ ರಾಜಧಾನಿ ಬಿದ್ದಿತು. ೧೮೩೧ರಲ್ಲಿ ಆಡಳಿತವನ್ನೇ ಕಂಪೆನಿ ಕೈಗೆ ತೆಗೆದುಕೊಂಡಿತು. ಇವು ಬೆರಳೆಣಿಕೆಯ ಕೊಯ್ತಗಳು. ಒಂದೊಂದಕ್ಕೂ ತಾರೀಖಿದೆ, ಸಹಿಯಿದೆ. ಚೀನಾದ ವಿಷಯದಲ್ಲಿಯೂ ಹೀಗೆಯೇ: ೧೮೪೨, ೧೮೫೮, ೧೮೬೦, ೧೮೯೫, ೧೯೦೧. ತಾರೀಖುಳ್ಳ ನಿರ್ಧಾರಗಳನ್ನು ತಾರೀಖಿಲ್ಲದ ಸವೆತವಾಗಿ ವರ್ಣಿಸಿದರೆ ಸಹಿ ಹಾಕಿಸಿಕೊಂಡವರಿಗೆ ಅದಕ್ಕಿಂತ ದೊಡ್ಡ ಉಪಕಾರ ಇನ್ನಿಲ್ಲ.

ಇದರ ವಿರುದ್ಧವಾದ ತಪ್ಪೂ ಉಂಟು. ಗಡಿಯಾಚೆಯ ಭಯೋತ್ಪಾದನೆಯನ್ನು ಕುರಿತ ಬರಹಗಳಲ್ಲಿ ಇದೇ ನುಡಿಗಟ್ಟು ಶತ್ರುವಿನ ಬುದ್ಧಿಪೂರ್ವಕ ಯೋಜನೆಯೆಂಬ ಅರ್ಥದಲ್ಲಿ ಬರುತ್ತದೆ. ಅಲ್ಲಿ ಕೊಯ್ಯುವವನು ಇದ್ದಾನೆ, ಸರಿಯೇ. ಆ ಬಳಕೆಗೆ ಒಗ್ಗಿದ ಲೇಖನಿ ಎಲ್ಲ ಕ್ಷಯದಲ್ಲಿಯೂ ಒಬ್ಬ ಕೊಯ್ಯುವವನನ್ನು ಹುಡುಕತೊಡಗುತ್ತದೆ. ನಮ್ಮ ಕೆರೆಗಳ ಇತಿಹಾಸ ಇದಕ್ಕೆ ಒಳ್ಳೆಯ ಪರೀಕ್ಷೆ. ಹೂಳು ತಾನಾಗಿ ಬರುತ್ತದೆ. ಪ್ರತಿ ಮಳೆಗಾಲವೂ ಒಂದಿಷ್ಟು ತರುತ್ತದೆ. ಅದರಲ್ಲಿ ಯಾರ ಹಗೆತನವೂ ಇಲ್ಲ. ಆದರೆ ಶಾಸನಗಳಲ್ಲಿ ಕಾಣುವ ಬಿತ್ತುವಟ್ಟ, ಕಟ್ಟುಕೊಡಗೆಗಳಂತಹ ದತ್ತಿಗಳು ಕೆರೆಯ ಪೋಷಣೆಗಾಗಿಯೇ ಹುಟ್ಟಿದವು. ಹೂಳು ಬರುತ್ತದೆಂಬುದನ್ನು ಬಲ್ಲವರ ವ್ಯವಸ್ಥೆ ಅದು. ಕೆರೆ ಹಾಳಾದ ಕಥೆಯಲ್ಲಿ ಹೂಳಿನ ಪಾಲು ಎಷ್ಟು, ದತ್ತಿ ತಪ್ಪಿದ್ದರ ಪಾಲು ಎಷ್ಟು ಎಂಬುದೇ ನಿಜವಾದ ಪ್ರಶ್ನೆ. ಅದಕ್ಕೆ ಕತ್ತಿಯ ರೂಪಕದಿಂದ ಉತ್ತರ ಬಾರದು.

ಕಡೆಗೆ ಕನ್ನಡೀಕರಣದ ವಿಚಾರ. ‘ಚಿತ್ರವಧೆ’ ಎಂಬ ಶಬ್ದವನ್ನು ಕೆಲವರು ಇಲ್ಲಿ ಸೂಚಿಸಬಹುದು. ಕೌಟಿಲ್ಯನ ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣದಲ್ಲಿ ಶುದ್ಧ, ಚಿತ್ರ ಎಂದು ವಧೆಯನ್ನು ಎರಡಾಗಿ ವಿಂಗಡಿಸಿದೆ: ಕಲಹದಲ್ಲಿ ಮನುಷ್ಯನನ್ನು ಕೊಂದವನಿಗೆ ಚಿತ್ರವಧೆ; ಪೆಟ್ಟು ತಿಂದವನು ಏಳು ದಿನಗಳೊಳಗೆ ಸತ್ತರೆ ಶುದ್ಧವಧೆ. ಆ ಗ್ರಂಥದ ಹಸ್ತಪ್ರತಿಯನ್ನು ಮೈಸೂರಿನ ಪ್ರಾಚ್ಯಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿದ್ದು, ಲಿಂಗ್‌ಚಿ ರದ್ದಾದ ೧೯೦೫ನೆಯ ವರ್ಷದಲ್ಲಿಯೇ. ಮೂಲವನ್ನು ಅವರು ೧೯೦೯ರಲ್ಲಿ ಪ್ರಕಟಿಸಿದರು. ಶಿಕ್ಷೆಯಾಗಿ ಲಿಂಗ್‌ಚಿಯನ್ನು ಹೇಳಬೇಕಾದಲ್ಲಿ ಈ ಶಬ್ದ ಹತ್ತಿರದ್ದು. ಆದರೆ ಪಿತೃಲೋಕದ ಭಂಗವೆಂಬ ಅರ್ಥ ಅದರಲ್ಲಿಲ್ಲ, ಕ್ರಮೇಣ ಹಾನಿಯ ಅರ್ಥವಂತೂ ಇಲ್ಲವೇ ಇಲ್ಲ. ಆದುದರಿಂದ ಚೀನಾದ ದಂಡನೆಗೆ ‘ಲಿಂಗ್‌ಚಿ’ ಎಂಬ ಅದರ ಹೆಸರನ್ನೇ ಉಳಿಸಿಕೊಳ್ಳುವುದೂ, ಆಂಗ್ಲ ನುಡಿಗಟ್ಟನ್ನು ಉಲ್ಲೇಖಿಸಲೇಬೇಕಾದಲ್ಲಿ ‘ಗಾಯ’ವನ್ನು ಬಿಟ್ಟು ‘ಸಾವಿರ ಕೊಯ್ತಗಳ ಸಾವು’ ಎನ್ನುವುದೂ ಲೇಸು. ಉಳಿದೆಡೆ ಸವೆತ, ಹೂಳು, ಗೆದ್ದಲು, ತುಕ್ಕು ಎಂಬ ನಮ್ಮ ಪದಗಳಿವೆ. ಒಂದೊಂದಕ್ಕೂ ಬೇರೆ ಬೇರೆ ಕಾರಣವಿದೆ, ಬೇರೆ ಬೇರೆ ವೇಗವಿದೆ. ಯಾವುದು ಎಲ್ಲಿಗೆ ಸಲ್ಲುತ್ತದೆಂಬುದನ್ನು ಆಯಾ ದಾಖಲೆಯೇ ಹೇಳಬೇಕು.